ಬಸ್ ಸ್ಟ್ಯಾಂಡಿನ ಬೋರ್ಡಿನಲ್ಲಿ ನನ್ನ ತಮ್ಮ

ಸಾಲವಿರುವ ಮನೆಯಲ್ಲಿ ನಗುವ ಪ್ರಸಂಗಗಳಿಗೆ ಕೊರತೆಯಿಲ್ಲ. ನೆಂಟರು ದಾರಿ ಮರೆಯಬಹುದು, ಅಂಚೆಯವನು ಮನೆ ಮರೆಯಬಹುದು, ಸಾಲ ಕೇಳುವವರು ಮಾತ್ರ ತಪ್ಪದೆ ಬರುತ್ತಾರೆ. ಬಂದವರು ಸುಮ್ಮನೆ ಕೂತು ಹೋಗುವುದೂ ಇಲ್ಲ. ಏನಾದರೊಂದು ಹೇಳಿಯೇ ಹೋಗುತ್ತಾರೆ. ಹಾಗೆ ನಮ್ಮ ಮನೆಯಲ್ಲೂ ಊರಿನಲ್ಲೂ ನಡೆದ ಕೆಲವನ್ನು ನೆನಪಿದ್ದಂತೆ ಬರೆಯುತ್ತೇನೆ.

ಮೊದಲು ಸಾಲದ ವಿಷಯ ಹೇಳಿಬಿಡಬೇಕು. ಅರವತ್ತರ ದಶಕದ ಮೊದಲ ವರ್ಷಗಳು. ನಾನು ಮಧುಗಿರಿಯ ಮಿಡ್ಲ್ ಸ್ಕೂಲಿನಲ್ಲಿ ಉಪಾಧ್ಯಾಯಿನಿ. ಮನೆಯಲ್ಲಿ ಅಮ್ಮ, ನಾನು, ತಮ್ಮ. ತಮ್ಮ ತುಮಕೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ. ಅವನ ಓದಿಗೆಂದು ಊರಿನ ವಿದ್ಯಾರ್ಥಿ ಸಹಾಯ ನಿಧಿಯಿಂದ ಎಂಟುನೂರು ರೂಪಾಯಿ ಸಾಲ ತೆಗೆದಿದ್ದೆವು. ಸಾಲಗಾರ ಅವನು, ಜಾಮೀನು ನಾನು. ಅಮ್ಮನಿಗೆ ಹೇಳಿರಲಿಲ್ಲ, ಸಾಲ ಎಂಬ ಮಾತು ಕಿವಿಗೆ ಬಿದ್ದರೆ ಅವಳು ರಾತ್ರಿ ಊಟ ಬಿಡುತ್ತಿದ್ದಳು. ಕೊನೆಯ ಪರೀಕ್ಷೆ ಹತ್ತಿರವಿದ್ದಾಗ ತಮ್ಮ ವಿಷಮಶೀತ ಜ್ವರದಿಂದ ತೀರಿಕೊಂಡ. ಆ ವಿಷಯ ಇಷ್ಟೇ ಸಾಕು.

ಆ ವರ್ಷ ನಮ್ಮ ಸಂಬಳ ತಿಂಗಳುಗಟ್ಟಲೆ ತಡವಾಗಿ ಬರುತ್ತಿತ್ತು. ಕಂತುಗಳು ತಪ್ಪಿದವು. ಒಂದು ಬೆಳಿಗ್ಗೆ ಶಾಲೆಗೆ ಹೋಗುತ್ತಾ ನೋಡಿದರೆ, ಬಸ್ ಸ್ಟ್ಯಾಂಡಿನ ಪಕ್ಕದಲ್ಲಿದ್ದ ನಿಧಿಯ ಆಫೀಸಿನ ಗೋಡೆಗೆ ಹೊಸ ಬೋರ್ಡು. ಮೇಲೆ ‘ಸಾಲ ತೀರಿಸದವರು’ ಎಂದು ದಪ್ಪಕ್ಷರ. ಕೆಳಗೆ ಸಾಲಾಗಿ ಹೆಸರು, ಊರು, ಪಡೆದ ಮೊತ್ತ. ಮೂರನೆಯ ಸಾಲಿನಲ್ಲಿ ನನ್ನ ತಮ್ಮ.

ನಾನು ಸೀದಾ ಒಳಗೆ ಹೋದೆ. ನಿಧಿಯ ಕಾರ್ಯದರ್ಶಿಗಳು ಕೆಟ್ಟವರಲ್ಲ. ಬಿಸಿಲಿರಲಿ ಮೋಡವಿರಲಿ ಛತ್ರಿ ಹಿಡಿದೇ ನಡೆಯುವ, ನಿಯಮಗಳನ್ನು ಸ್ತೋತ್ರದ ಹಾಗೆ ಬಾಯಿಪಾಠ ಮಾಡಿದ್ದ ಮನುಷ್ಯ.

“ಸತ್ತವನು ಸಾಲ ಹೇಗೆ ತೀರಿಸುತ್ತಾನೆ ಸ್ವಾಮಿ? ಅವನ ಹೆಸರು ತೆಗೆದು ನನ್ನ ಹೆಸರು ಬರೆಸಿ” ಎಂದೆ.

“ಸಾಲ ಪಡೆದವರ ಹೆಸರು ಬರೆಸಬೇಕು ಅಂತ ನಿಯಮ ಅಮ್ಮಾ. ಜಾಮೀನು ನಿಂತವರ ಹೆಸರು ಅಂತ ಇಲ್ಲ.”

“ಹಾಗಾದರೆ ಅವನ ಹೆಸರು ಅಳಿಸುವವರೆಗೆ ನಾನು ಒಂದು ಪೈಸೆಯನ್ನೂ ಕಟ್ಟುವುದಿಲ್ಲ.”

“ಪೂರ್ತಿ ಬಾಕಿ ತೀರುವವರೆಗೆ ಹೆಸರು ಅಳಿಸತಕ್ಕದ್ದಲ್ಲ. ಅದೂ ನಿಯಮ.”

ಇಬ್ಬರೂ ನಮಸ್ಕಾರ ಹೇಳಿ ಬೇರೆಯಾದೆವು. ಮುಂದೆ ನಡೆದದ್ದೆಲ್ಲ ಈ ಎರಡು ಮಾತುಗಳ ನಡುವೆ ನಡೆದದ್ದು.

ಜಗಲಿಯ ಮೇಲಿನವನು

ನಮ್ಮ ಕಡೆ ಆಗ ಒಂದು ಪದ್ಧತಿ ಇತ್ತು. ಸಾಲ ತೀರಿಸದವರ ಮನೆಯ ಜಗಲಿಯ ಮೇಲೆ ಒಬ್ಬ ಆಳನ್ನು ಕೂರಿಸುವುದು. ಅವನು ಬಯ್ಯುವುದಿಲ್ಲ, ಬಾಗಿಲು ಬಡಿಯುವುದಿಲ್ಲ, ಬೆಳಗಿನಿಂದ ಸಂಜೆಯವರೆಗೆ ಕೂತಿರುತ್ತಾನೆ. ಬೀದಿಯಲ್ಲಿ ಹೋಗಿ ಬರುವವರು ನೋಡುತ್ತಾರೆ. ಮಾನಕ್ಕೆ ಅಂಜಿ ಮನೆಯವರು ದುಡ್ಡು ಕಟ್ಟುತ್ತಾರೆ. ಇದು ಲೆಕ್ಕಾಚಾರ.

ನಮ್ಮ ಜಗಲಿಗೆ ಬಂದವನು ಪಾವಗಡದ ಆಚೆ ನಾಗಲಮಡಿಕೆ ಕಡೆಯ ದೊಡ್ಡ ಮೀಸೆಯ ಮನುಷ್ಯ. ಮಾತಿನಲ್ಲಿ ಅರ್ಧ ತೆಲುಗು. ಮೊದಲ ದಿನವೇ ನನ್ನ ಹತ್ತಿರ ಹೇಳಿಕೊಂಡ: “ನಾನು ಸುಮ್ನೆ ಕೂತಿರ್ತೀನಿ ಅಷ್ಟೇನಮ್ಮಾ. ಬಯ್ಯೋದು ಗಿಯ್ಯೋದು ನಂಗೆ ರಾದು.”

“ಕೂತಿರಪ್ಪ. ನಮ್ಮ ಅಮ್ಮನಿಗೆ ಸಾಲದ ವಿಷಯ ಗೊತ್ತಿಲ್ಲ. ಯಾಕೆ ಕೂತಿದ್ದೀಯ ಅಂತ ಕೇಳಿದರೆ ಬೇರೆ ಏನಾದರೂ ಹೇಳು. ಸಾಲ ಅಂತ ಮಾತ್ರ ಹೇಳಬೇಡ” ಎಂದೆ.

“ಏದೋ ಒಂದು ಹೇಳ್ತೀನಿ ಬುಡಮ್ಮಾ” ಎಂದ.

ಏನು ಹೇಳಿದನೋ ನಾನು ಕೇಳಲಿಲ್ಲ. ಸಂಜೆ ಶಾಲೆಯಿಂದ ಬಂದಾಗ ಅವನ ಮುಂದೆ ತಣಿಗೆ ಇತ್ತು. ಮುದ್ದೆ, ಅವರೆಕಾಳಿನ ಸಾರು, ಮೇಲೊಂದು ಲೋಟ ಮಜ್ಜಿಗೆ. ಜಗಲಿಯ ಮೇಲೆ ಕೂತವನನ್ನು ಹಸಿದಿರಲು ಬಿಟ್ಟು ಒಳಗೆ ಉಣ್ಣುವ ಪದ್ಧತಿ ನಮ್ಮಲ್ಲಿ ಇಲ್ಲ. ಆದರೂ ಅಮ್ಮ ಅವನಿಗೆ ಮಾಡುತ್ತಿದ್ದ ಉಪಚಾರ ನೋಡಿ ಸ್ವಲ್ಪ ಹೆಚ್ಚಾಯಿತಲ್ಲ ಅನ್ನಿಸಿತು. ಶನಿವಾರ ಒಬ್ಬಟ್ಟು ಮಾಡಿದ್ದಳು.

ಒಂದು ಭಾನುವಾರ ಅಮ್ಮ ಬಾವಿಗೆ ಹೋಗಿದ್ದಾಗ ದಿನಸಿ ಅಂಗಡಿಯ ಗುಮಾಸ್ತ ಬಂದ. ಅಂಗಡಿಗೆ ನಾವು ಹದಿನಾಲ್ಕು ರೂಪಾಯಿ ಕೊಡಬೇಕಿತ್ತು. ಅವನು ಮೆಟ್ಟಿಲು ಹತ್ತುವಷ್ಟರಲ್ಲಿ ಜಗಲಿಯವನು ಕಾಲು ಅಡ್ಡ ಚಾಚಿದ.

“ಲೇ, ಎಲ್ಲಿಗೋ?”

“ಬಾಕಿ ಕೇಳಾಕೆ.”

“ಎಷ್ಟು?”

“ಹದಿನಾಲ್ಕು.”

“ಎಂಟುನೂರರವನು ನಾನೇ ಈಚೆ ಕೂತಿದೀನಿ, ಹದಿನಾಲ್ಕರವನು ನೀನು ಒಳಗೋಗ್ತೀಯಾ? ಹೋಗೋ. ನಂದು ತೀರಿದ ಮ್ಯಾಲೆ ಬಾ.”

ಗುಮಾಸ್ತ ತಿರುಗಿ ಹೋದ. ಆಮೇಲೆ ಹಾಲಿನವಳು, ಸೌದೆಯವನು ಯಾರೂ ಜಗಲಿ ದಾಟಲಿಲ್ಲ. ನಾನು ಅವರವರ ಬಾಕಿಯನ್ನು ಅವರವರ ಅಂಗಡಿಗೇ ಹೋಗಿ ನಿಧಾನವಾಗಿ ತೀರಿಸಿದೆ. ಅಷ್ಟು ನೆಮ್ಮದಿಯ ತಿಂಗಳುಗಳನ್ನು ಸಾಲಗಾರರ ಮನೆ ಕಂಡದ್ದು ಅಪರೂಪ.

ಕೊನೆಗೆ ಕಾರ್ಯದರ್ಶಿಗಳು ಬೀದಿಯಲ್ಲಿ ಹೋಗುವಾಗ ಅವನನ್ನು ನೋಡಿದರು. ಕೂರಿಸಿದಾಗ ಇದ್ದದ್ದಕ್ಕಿಂತ ಅವನು ಒಂದು ಸುತ್ತು ದಪ್ಪಗಾಗಿದ್ದ. ಮರುದಿನದಿಂದ ಬರಬೇಡ ಎಂದರು. ಹೋಗುವಾಗ ಅವನು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ: “ಅಮ್ಮಾ, ಅವಸರ ಬಿದ್ದು ಕಟ್ಟಿಗಿಟ್ಟೀಯ. ಅವರು ಮತ್ತೆ ಯಾರನ್ನಾದ್ರೂ ಕೂರಿಸಬೇಕು ಅಂದ್ರೆ ನಾನೇ ಬರ್ತೀನಿ.”

ಸಿರಾದ ಸಾಹೇಬರು

ತಮ್ಮ ಕಾಲೇಜಿಗೆ ಸೇರುವಾಗ ಸಿರಾದ ಒಬ್ಬ ಸಾಹೇಬರ ಬಟ್ಟೆ ಅಂಗಡಿಯಲ್ಲಿ ಕೋಟಿನ ಬಟ್ಟೆ ಕಡ ತಂದಿದ್ದ. ಇಪ್ಪತ್ತೆರಡು ರೂಪಾಯಿ. ಅವನ ಪೆಟ್ಟಿಗೆಯಲ್ಲಿ ಚೀಟಿ ಸಿಕ್ಕಿತು. ಆ ಸಾಹೇಬರು ಒಂದು ಸಲವೂ ಕೇಳಿ ಕಳಿಸಿರಲಿಲ್ಲ. ಕೇಳದವರ ಸಾಲವನ್ನು ಮೊದಲು ತೀರಿಸಬೇಕು ಎಂದು ನಾನು ಒಂದು ಭಾನುವಾರ ಬಸ್ ಹತ್ತಿ ಸಿರಾಕ್ಕೆ ಹೋದೆ.

ಬಿಳಿ ಗಡ್ಡದ ಹಿರಿಯರು. ಯಾರ ಅಕ್ಕ ಎಂದು ಹೇಳಿದ ಕೂಡಲೇ ಗಾದಿಯಿಂದ ಎದ್ದು ನಿಂತರು.

“ಆವೋ ಬೇಟಿ, ಕೂತ್ಕೊಳ್ಳಿ. ಹುಡುಗ ಹೋಗ್ಬಿಟ್ಟ ಅಂತ ಕೇಳ್ದೆ. ಭಾಳ ಅಫ್ಸೋಸ್ ಆಯ್ತು.”

ನಾನು ಇಪ್ಪತ್ತೆರಡು ರೂಪಾಯಿ ಎಣಿಸಿ ಅವರ ಮುಂದೆ ಇಟ್ಟೆ. ಅವರು ಅದನ್ನು ಮೀಟರ್ ಕಡ್ಡಿಯಿಂದ ನನ್ನ ಕಡೆಗೆ ಸರಿಸಿದರು.

“ಇದು ನಾನು ತಗೊಳ್ಳೋದಿಲ್ಲ. ಹೋದ ವಾರ ಮಧುಗಿರಿಗೆ ಬಂದಿದ್ದೆ. ಬಸ್ ಸ್ಟ್ಯಾಂಡ್‌ನಲ್ಲಿ ಅವನ ಹೆಸರು ನೋಡ್ದೆ. ಓದೋ ಮಕ್ಕಳಿಗೆ ಎಂಟುನೂರು ರೂಪಾಯಿ! ಮಾಷಾ ಅಲ್ಲಾ. ಅಂಥ ದಾನ ಮಾಡಿದವನ ಹತ್ರ ನಾನು ಕೋಟಿನ ದುಡ್ಡು ಕೇಳ್ಲಾ?”

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಸುಳ್ಳನ್ನು ನಿಲ್ಲಲು ಬಿಡುವುದು ನನ್ನ ಸ್ವಭಾವವಲ್ಲ.

“ಸಾಹೇಬರೆ, ಅದು ಕೊಟ್ಟವರ ಹೆಸರಲ್ಲ. ತಗೊಂಡು ತೀರಿಸದವರ ಹೆಸರು.”

ಅವರು ತಲೆ ಅಲ್ಲಾಡಿಸಿ ನಕ್ಕರು. “ನೀವು ಹೀಗೇ ಹೇಳ್ತೀರ ಅಂತ ನನಗೆ ಗೊತ್ತಿತ್ತು. ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು. ಒಳ್ಳೆ ಮನೆತನ.”

“ಇಲ್ಲ ಸಾಹೇಬರೆ, ನಿಜವಾಗಿ ಅದು ಸಾಲ. ಜಾಮೀನು ನಾನೇ.”

“ಬಸ್ ಬೇಟಿ, ಸಾಕು. ಇಷ್ಟು ಸಂಕೋಚ ಒಳ್ಳೇದಲ್ಲ.”

ನಾನು ದುಡ್ಡು ಇಡುವುದು, ಅವರು ಕಡ್ಡಿಯಿಂದ ಸರಿಸುವುದು, ಹೀಗೆ ಒಂದಷ್ಟು ಹೊತ್ತು ನಡೆಯಿತು. ಗಿರಾಕಿಗಳು ನಿಂತು ನೋಡತೊಡಗಿದರು. ನಾನು ಬಿಡಲಿಲ್ಲ. ಕೊನೆಗೆ ಅವರು ಸೋತು ದುಡ್ಡನ್ನು ಪೆಟ್ಟಿಗೆಗೆ ಹಾಕಿದರು. ಹಾಕಿ, ಅಮ್ಮನಿಗೆಂದು ಒಂದು ಸೀರೆ ಕಟ್ಟಿಸಿ ನನ್ನ ಕೈಗೆ ಇಟ್ಟರು. ಬೆಲೆ ಕೇಳಿದರೆ “ಆಮೇಲೆ ನೋಡೋಣ” ಎಂದರು. ಇಪ್ಪತ್ತೆರಡು ರೂಪಾಯಿ ಸಾಲ ತೀರಿಸಲು ಹೋದವಳು, ಎಷ್ಟೆಂದು ಗೊತ್ತಿಲ್ಲದ ಸಾಲ ಮಾಡಿಕೊಂಡು ಕೊನೆಯ ಬಸ್ಸಿಗೆ ಮಧುಗಿರಿ ಸೇರಿದೆ.

ತಗಡಿನ ಕೆಳಗೆ

ಮರುದಿನ ಹೋಗಿ ಬೋರ್ಡನ್ನು ಸರಿಯಾಗಿ ನೋಡಿದೆ. ಅಲ್ಲಿಯವರೆಗೆ ಆ ಗೋಡೆಯ ಕಡೆ ತಲೆ ಎತ್ತದೆ ಓಡಾಡುತ್ತಿದ್ದೆ. ಅದೇ ಗೋಡೆಗೆ ಸೇರಿಸಿ ಊರಿಗೆ ಹೊಸಬನೊಬ್ಬ ಟೀ ಅಂಗಡಿ ಇಟ್ಟಿದ್ದ. ಗಿರಾಕಿಗಳಿಗೆ ನೆರಳಿರಲೆಂದು ತಗಡಿನ ಸೂರು ಇಳಿಬಿಟ್ಟಿದ್ದ. ಆ ತಗಡನ್ನು ಅವನು ಮೊಳೆ ಹೊಡೆದು ಕೂರಿಸಿದ್ದು ಬೋರ್ಡಿನ ನೆತ್ತಿಯ ಮೇಲೆ. ‘ಸಾಲ ತೀರಿಸದವರು’ ಎಂಬ ದಪ್ಪಕ್ಷರ ಪೂರ್ತಿ ಮುಚ್ಚಿಹೋಗಿತ್ತು. ಕೆಳಗೆ ಹೆಸರು, ಊರು, ರೂಪಾಯಿ.

ನಮ್ಮ ಕಡೆ ಗುಡಿಯಲ್ಲಿ, ಛತ್ರದಲ್ಲಿ, ನೀರಿನ ತೊಟ್ಟಿಯ ಮೇಲೆ, ಎಲ್ಲಿ ನೋಡಿದರೂ ಹೆಸರಿನ ಮುಂದೆ ರೂಪಾಯಿ ಬರೆದಿದ್ದರೆ ಅದು ದಾನ ಕೊಟ್ಟವರದು. ಕೊಡದವರ ಹೆಸರನ್ನು ಬಣ್ಣ ಖರ್ಚು ಮಾಡಿ ಬರೆಸುತ್ತಾರೆಂದು ಯಾರಿಗೆ ತಾನೇ ಹೊಳೆಯಬೇಕು?

ಅದರ ಫಲವನ್ನು ಕಾರ್ಯದರ್ಶಿಗಳು ಒಂದು ಸಂತೆಯ ದಿನ ಅನುಭವಿಸಿದರು. ನಾನು ಅಲ್ಲೇ ಇದ್ದೆ. ತಮ್ಮನ ಹೆಸರು ಅಳಿಸಿ ಎಂದು ಕೇಳಲು ತಿಂಗಳಿಗೊಮ್ಮೆ ಹೋಗುವ ವಾಡಿಕೆ ಇಟ್ಟುಕೊಂಡಿದ್ದೆ. ಕೊಡಿಗೇನಹಳ್ಳಿಯ ಕಡಲೆಕಾಯಿ ವ್ಯಾಪಾರಿಯೊಬ್ಬ ಒಳಗೆ ಬಂದು ಮೇಜಿನ ಮೇಲೆ ನೋಟಿನ ಕಟ್ಟು ಇಟ್ಟ.

“ಮುನ್ನೂರ ಒಂದು ಐತೆ. ಎಣಿಸ್ಕಳಿ. ಹೆಸರು ದಪ್ಪಕ್ಕೆ ಬರೀಬೇಕು.”

“ಯಾವ ಹೆಸರು? ಎಲ್ಲಿ?” ಎಂದರು ಕಾರ್ಯದರ್ಶಿಗಳು.

“ಆಚೆ ಬೋರ್ಡ್‌ನಾಗೆ. ನನ್ನ ದಾಯಾದಿ ಹೆಸರು ಐತಲ್ಲ, ಮುನ್ನೂರು ಅಂತ. ಅವನ ಮ್ಯಾಗಡೆ ಬರಬೇಕು ನಂದು.”

“ಅಯ್ಯಾ, ನಿಮ್ಮ ದಾಯಾದಿ ಕೊಟ್ಟಿಲ್ಲ. ಮಗನ ಓದಿಗೆ ನಮ್ಮಿಂದ ಈಸ್ಕೊಂಡು ಹಿಂದಕ್ಕೆ ಕೊಟ್ಟಿಲ್ಲ. ಅದಕ್ಕೆ ಬರೆಸಿದ್ದೀವಿ.”

ವ್ಯಾಪಾರಿ ನೋಟಿನ ಕಟ್ಟನ್ನು ಜೇಬಿಗೆ ಹಾಕಿಕೊಂಡ.

“ಈಸ್ಕಂಡು ಕೊಡ್ದೆ ಇದ್ರೂ ಬರೀತೀರಾ?”

“ಹೌದು.”

“ಅಂಗಾರೆ ನಂಗೂ ಮುನ್ನೂರ ಒಂದು ಕೊಡಿ. ನಾನೂ ತೀರ್ಸಾಕಿಲ್ಲ. ಹೆಸರು ಮಾತ್ರ ಅವನ ಮ್ಯಾಗಡೇನೆ ಬರಬೇಕು.”

ಅವನು ಹೋದ ಮೇಲೆ ಕಾರ್ಯದರ್ಶಿಗಳು ಎದ್ದು ಟೀ ಅಂಗಡಿಯವನಿಗೆ ತಗಡು ಕೀಳಲು ಹೇಳಿದರು. “ಕಿತ್ತು ಹಾಕ್ತೀನಿ ಸ್ವಾಮಿ. ಅಂಗಡೀನೂ ಕೀಳ್ತೀನಿ. ಬಾಡಿಗೆ ಬೇಡವಾ ಮತ್ತೆ?” ಎಂದ ಅವನು. ಕಾರ್ಯದರ್ಶಿಗಳು ಒಳಗೆ ಬಂದು ಕೂತರು. ನಿಧಿಗೆ ತಪ್ಪದೆ ಬರುತ್ತಿದ್ದ ಹಣ ಅದೊಂದೇ.

ಕೊರಟಗೆರೆಯಿಂದ ಬಂದವರು

ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಮನೆಗೆ ಬಂದಾಗ ಜಗಲಿಯ ಕೆಳಗೆ ಎರಡು ಜೊತೆ ಹೊಸ ಮೆಟ್ಟು. ಒಳಗೆ ಇಬ್ಬರು ಹಿರಿಯರು ಚಾಪೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಕೊರಟಗೆರೆಯವರು, ಒಬ್ಬರು ಮಂಡಿ ವ್ಯಾಪಾರಿ, ಇನ್ನೊಬ್ಬರು ಅವರ ಭಾವಮೈದುನ. ಅಮ್ಮ ಕಂಬಕ್ಕೆ ಒರಗಿ ಕೂತು ಮಾತಾಡುತ್ತಿದ್ದಳು. ತಮ್ಮ ಹೋದ ಮೇಲೆ ಅವಳು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

“ಚಿಕ್ಕೋನಿದ್ದಾಗ್ಲಿಂದ್ಲೂ ಅಂಗೇ ಕಣಪ್ಪ. ಬಳಪ ಒಂದೇ ಇದ್ರೂ ಮುರ್ದು ಪಕ್ಕದೋನ್ಗೆ ಅರ್ಧ ಕೊಡೋನು.”

“ಗೊತ್ತಾಗುತ್ತಲ್ಲ ತಾಯಿ” ಎಂದರು ವ್ಯಾಪಾರಿ. “ಅಷ್ಟು ಚಿಕ್ಕ ವಯಸ್ಸಿಗೆ ಎಂಟುನೂರು ಕೊಡೋ ಹುಡುಗ ಅಂದ್ರೆ ಮನಸ್ಸು ಎಂಥದಿರಬೇಕು. ಬೋರ್ಡ್ ನೋಡಿದ್ದೇ ಟೀ ಅಂಗಡಿಯವನನ್ನ ಕೇಳಿ ಮನೆ ಹುಡುಕ್ಕೊಂಡು ಬಂದ್ವಿ. ನಮ್ಮ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿದಾಳೆ. ಹುಡುಗ ಈಗ ಎಲ್ಲಿ ಕೆಲಸದಲ್ಲಿದಾನೆ?”

ನಾನು ಬಾಗಿಲಲ್ಲೇ ನಿಂತು ಹೇಳಿದೆ: “ನನ್ನ ತಮ್ಮ ಹೋಗಿ ಎರಡು ವರ್ಷ ಆಯಿತು.”

ವ್ಯಾಪಾರಿ ಲೋಟ ಕೆಳಗಿಟ್ಟರು. ಅಮ್ಮನೇ ಮಾತು ತೆಗೆದಳು.

“ಹುಡುಗಿ ನಕ್ಷತ್ರ ಯಾವ್ದಪ್ಪ?”

“ಅಯ್ಯೋ, ಈಗ ಯಾಕೆ ತಾಯಿ ಅದು…”

“ಹೇಳು. ಹೇಳಿದ್ರೆ ಏನು ಹೋತದೆ?”

“ರೋಹಿಣಿ.”

ಅಮ್ಮ ಬೆರಳು ಮಡಿಸುತ್ತಾ ಎಣಿಸಿದಳು. “ಕೂಡ್ತಿತ್ತು” ಎಂದಳು. ಎದ್ದು ಕುಂಕುಮದ ಬಟ್ಟಲು, ಒಂದು ಹಿಡಿ ಹೂವು ತಂದು, “ಮಗೀಗೆ ಕೊಡಪ್ಪ” ಎಂದು ಅವರ ಕೈಗೆ ಕೊಟ್ಟಳು.

ಅವರು ಬೀದಿಗೆ ಇಳಿದ ಮೇಲೆ ನಾನು ಕೇಳಿದೆ: “ಆ ಬೋರ್ಡಿನ ವಿಷಯ ನಿನಗೆ ಯಾರು ಹೇಳಿದರಮ್ಮ?”

“ಜಗಲಿ ಮ್ಯಾಲೆ ಇದ್ನಲ್ಲ, ಕಾವಲು ಕಾಯೋನು. ನಿಧಿಯೋರು ದೊಡ್ಡ ದಾನ ಕೊಟ್ಟೋರ ಮನೆ ಮುಂದೆ ಕಾವಲು ಕೂರಿಸ್ತಾರಂತಲ್ಲ, ಮರ್ಯಾದೆಗೆ. ಅವನೇ ಕರ್ಕೊಂಡೋಗಿ ಯಾವ ಸಾಲು ಅಂತ ತೋರಿಸ್ದ. ಸೋಮವಾರ ಸೋಮವಾರ ಹೋಗಿ ಒಂದು ಹೂವು ಇಟ್ಟು ಬತ್ತೀನಿ. ನಿಂಗೆ ಹೇಳಿದ್ರೆ ಅಳ್ತೀಯ ಅಂತ ಹೇಳ್ಲಿಲ್ಲ.”

ಸಾಲ ಎಂದು ಹೇಳಬೇಡ ಎಂದು ಅವನಿಗೆ ಹೇಳಿದ್ದು ನಾನೇ. ಅವನು ಮಾತು ಉಳಿಸಿಕೊಂಡಿದ್ದ. ಸಿರಾದ ಸಾಹೇಬರಿಗೆ ಅಷ್ಟು ಸಲ ಹೇಳಿದ ನಿಜವನ್ನು ಅಮ್ಮನಿಗೆ ಒಂದು ಸಲ ಹೇಳಲು ನನಗೆ ಬಾಯಿ ಬರಲಿಲ್ಲ.

ಅಷ್ಟರಲ್ಲಿ ವ್ಯಾಪಾರಿ ಬೀದಿಯ ತಿರುವಿನಿಂದ ಒಬ್ಬರೇ ಹಿಂದಕ್ಕೆ ಬಂದರು. ಏನಾದರೂ ಮರೆತರೋ ಎಂದು ನಾನು ಜಗಲಿಗೆ ಬಂದೆ. ಅವರು ಅತ್ತಿತ್ತ ನೋಡಿ, ಬಹಳ ಸಂಕೋಚದಿಂದ ಕೇಳಿದರು: “ತಪ್ಪು ತಿಳೀಬೇಡಿ ಟೀಚರಮ್ಮ. ಬೋರ್ಡಿನಲ್ಲಿ ನಿಮ್ಮ ತಮ್ಮನ ಕೆಳಗಿನ ಸಾಲು, ಆರುನೂರು ರೂಪಾಯಿ ಹುಡುಗ… ಅವನು ಇದಾನಾ?”

ಸೀಮೆಎಣ್ಣೆಯ ಬಟ್ಟೆ

ಆರುನೂರು ರೂಪಾಯಿಯ ಹುಡುಗ ಇದ್ದ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಮದುವೆ ಮುಂದಿನ ವೈಶಾಖದಲ್ಲಿ ಕೊರಟಗೆರೆಯಲ್ಲಿ ಚೆನ್ನಾಗಿಯೇ ನಡೆಯಿತು. ಆಮೇಲೆ ಕಾರ್ಯದರ್ಶಿಗಳು ಅವನ ಹತ್ತಿರ ಬಾಕಿ ಕೇಳಲು ಹೋದರು. “ಕಟ್ಟೋಕೆ ನನ್ನ ಹತ್ರ ದುಡ್ಡಿದೆ ಸಾರ್” ಎಂದನಂತೆ ಅವನು. “ಆದ್ರೆ ಕಟ್ಟಿದ್ರೆ ಹೆಸರು ಅಳಿಸ್ತೀರಲ್ಲ? ಮಾವ ತಿಂಗಳಿಗೆ ಎರಡು ಸಲ ಬಸ್ ಇಳೀತಾರೆ. ಅಳಿಸಿದ್ದು ನೋಡಿ, ಏನಪ್ಪ ತಪ್ಪು ಮಾಡಿದೆ ಅಂತ ಕೇಳಿದ್ರೆ ಏನು ಹೇಳ್ಲಿ?”

ಅವನೊಬ್ಬನೇ ಅಲ್ಲ. ಬೋರ್ಡಿನಲ್ಲಿದ್ದ ಯಾರೂ ಕಟ್ಟುತ್ತಿರಲಿಲ್ಲ. ಅವಮಾನವಾಗಲೆಂದು ಬರೆಸಿದ ಬೋರ್ಡು ಊರಿನ ಮರ್ಯಾದಸ್ಥರ ಪಟ್ಟಿಯಾಗಿ ಕೂತಿತ್ತು. ಕಾರ್ಯದರ್ಶಿಗಳು ರೋಸಿ, ಇಡೀ ಬೋರ್ಡನ್ನೇ ಒರೆಸಿಹಾಕುವುದೆಂದು ತೀರ್ಮಾನಿಸಿದರು. ಅದು ಒಂದು ಸೋಮವಾರ.

ಟೀ ಅಂಗಡಿಯವನು ಶಾಲೆಗೆ ಓಡಿ ಬಂದ. “ಟೀಚರಮ್ಮ, ಬನ್ನಿ ಬೇಗ. ನಿಮ್ಮ ತಾಯಿ ಬೋರ್ಡು ಬಿಟ್ಟು ಸರೀತಿಲ್ಲ.”

ನಾನು ಹೋದಾಗ ಬಸ್ ಸ್ಟ್ಯಾಂಡಿನ ಜನವೆಲ್ಲ ಅಲ್ಲಿತ್ತು. ಪೇಂಟರ್ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಹಿಡಿದು ನಿಂತಿದ್ದ. ಮೊದಲ ಎರಡು ಹೆಸರು ಆಗಲೇ ಮಸಕಾಗಿದ್ದವು. ಮೂರನೆಯ ಸಾಲಿನ ಮೇಲೆ ಅಮ್ಮ ಅಂಗೈ ಅಗಲಿಸಿ ಇಟ್ಟಿದ್ದಳು. ಬೆರಳ ಸಂದಿಯಲ್ಲಿ ಕನಕಾಂಬರ.

“ಯಾಕಪ್ಪ ಅಳಿಸ್ತೀರಾ? ನನ್ನ ಮಗ ಕೊಟ್ಟಿದ್ದು ಸಾಲ್ದಾ ನಿಮ್ಗೆ?” ಎನ್ನುತ್ತಿದ್ದಳು.

ಕಾರ್ಯದರ್ಶಿಗಳು ನನ್ನನ್ನು ನೋಡಿ ಉಸಿರು ಬಿಟ್ಟರು. “ಸದ್ಯ ಬಂದಿರಲ್ಲ. ನಿಮ್ಮ ತಾಯಿಗೆ ಹೇಳಿ ಅಮ್ಮಾ. ಮೂರು ವರ್ಷದಿಂದ ನೀವೇ ಅಳಿಸಿ ಅಳಿಸಿ ಅಂತ ಕೇಳ್ತಿದ್ದದ್ದು. ಇವತ್ತು ಅಳಿಸ್ತಿದೀನಿ.”

ಅದು ನಿಜ. ಮೂರು ವರ್ಷ ಕಾದ ಬಟ್ಟೆ ಪೇಂಟರನ ಕೈಯಲ್ಲಿತ್ತು. ಸುಮ್ಮನಿದ್ದರೆ ಗೆದ್ದಂತೆ.

“ಅಳಿಸಕೂಡದು” ಎಂದೆ.

“ಏನಂದ್ರಿ?”

“ಪೂರ್ತಿ ಬಾಕಿ ತೀರುವವರೆಗೆ ಹೆಸರು ಅಳಿಸತಕ್ಕದ್ದಲ್ಲ. ನಿಮ್ಮದೇ ನಿಯಮ. ಬಾಕಿ ತೀರಿಲ್ಲ.”

“ಹಾಗಾದ್ರೆ ತೀರಿಸಿ!”

“ತೀರಿಸುವುದಿಲ್ಲ.”

ಜನ ನಗಲಿಲ್ಲ, ಇದು ಯಾವ ಜಗಳವೆಂದು ಅವರಿಗೆ ತಿಳಿಯಲಿಲ್ಲ. ಅಮ್ಮ ಮಾತ್ರ ಬೋರ್ಡಿನಿಂದ ಕೈ ತೆಗೆಯದೆ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಕೋಪವಿತ್ತು.

“ಬಾಕಿ ಐತಾ? ಅವನು ಕೊಡ್ತೀನಿ ಅಂತ ಒಪ್ಕೊಂಡಿದ್ದು ಇನ್ನೂ ಪೂರ್ತಿ ಕೊಟ್ಟಿಲ್ವಾ?”

ನಾನು ಹೌದೆನ್ನದೆ ಇರಲು ಆಗಲಿಲ್ಲ. ಲೆಕ್ಕಕ್ಕೆ ಅದು ಸುಳ್ಳೂ ಅಲ್ಲ.

“ಅದನ್ನ ಮೊದ್ಲೇ ಹೇಳಾಕೇನು? ದಾನಕ್ಕೆ ಒಪ್ಕೊಂಡು ಬಾಕಿ ಮಡಿಕ್ಕೊಂಡ್ರೆ ಹೋದೋನ್ಗೆ ಒಳ್ಳೇದಾತದಾ? ತಿಂಗಳು ತಿಂಗಳು ಕಟ್ಟಿಬುಡು. ಏನಪ್ಪ ಛತ್ರಿಯೋನೆ, ಅವಳು ಕಟ್ತಾಳೆ. ನೀನು ಬಟ್ಟೆ ಒಳಗಿಟ್ಕೋ.”

ಜಾಮೀನು ನಿಂತ ನಾನು ಮೂರು ವರ್ಷ ಕಟ್ಟದೆ ನಿಂತಿದ್ದ ಸಾಲಕ್ಕೆ, ಅದು ಸಾಲವೆಂದೇ ಗೊತ್ತಿಲ್ಲದ ಅಮ್ಮ ಬಸ್ ಸ್ಟ್ಯಾಂಡಿನಲ್ಲಿ ನಿಂತು ಜಾಮೀನು ಕೊಟ್ಟುಬಿಟ್ಟಳು.

ಕೊನೆಯ ರೂಪಾಯಿ

ಅಮ್ಮನ ಮಾತಿನಂತೆ ತಿಂಗಳು ತಿಂಗಳು ಕಟ್ಟಿದೆ. ರಶೀದಿ ಪಡೆದೆ. ಕಟ್ಟುತ್ತಾ ಕಟ್ಟುತ್ತಾ ಏಳುನೂರ ತೊಂಬತ್ತೊಂಬತ್ತು ಆಯಿತು. ಅಲ್ಲಿಗೆ ನಿಲ್ಲಿಸಿದೆ.

ಮುಂದಿನ ತಿಂಗಳು ಕಾರ್ಯದರ್ಶಿಗಳು ಶಾಲೆಯ ಗೇಟಿನ ಹತ್ತಿರ ಸಿಕ್ಕರು. “ಒಂದು ರೂಪಾಯಿ ಉಳೀತಲ್ಲ ಅಮ್ಮಾ.”

“ಹೌದು. ಉಳಿಸಿದ್ದೇನೆ.”

“ಯಾಕೆ?”

“ಅದನ್ನೂ ಕಟ್ಟಿದರೆ ಪೂರ್ತಿ ಬಾಕಿ ತೀರುತ್ತದೆ. ತೀರಿದರೆ ನಿಮ್ಮ ನಿಯಮದಂತೆ ಹೆಸರು ಅಳಿಸಬೇಕಾಗುತ್ತದೆ.”

ಅವರು ತಲೆ ಕೆರೆದುಕೊಂಡರು. “ನನ್ನ ಜೇಬಿನಿಂದ ನಾನೇ ಆ ರೂಪಾಯಿ ಹಾಕ್ಕೊಂಡರೆ?”

“ಜಾಮೀನು ನಾನು. ನನ್ನ ಒಪ್ಪಿಗೆಯಿಲ್ಲದೆ ನನ್ನ ಸಾಲ ಕಟ್ಟಲು ನಿಮಗೆ ಯಾವ ನಿಯಮದಲ್ಲಿ ಅಧಿಕಾರವಿದೆ?”

ನಿಯಮವೆಂದರೆ ಅವರು ಸುಮ್ಮನಾಗುತ್ತಿದ್ದರು. ಆದರೆ ವಾರ್ಷಿಕ ಸಭೆ ಹತ್ತಿರ ಬಂತು. ಆ ಒಂದು ರೂಪಾಯಿ ಬಾಕಿ ಹೇಗೆ ಉಳಿಯಿತೆಂದು ಸಭೆಗೆ ವಿವರಿಸುವುದು ಅವರಿಗೆ ಮರಣಕ್ಕೆ ಸಮ. ಜಗಲಿಯ ಮೇಲೆ ಆಳು ಕೂರಿಸೋಣವೆಂದರೆ, ಒಂದು ರೂಪಾಯಿ ವಸೂಲಿಗೆ ಆಳಿನ ದಿನಗೂಲಿಯೇ ಅದಕ್ಕಿಂತ ಹೆಚ್ಚು. ಕೊನೆಗೆ ಒಂದು ದಿನ ಶಾಲೆಯಿಂದ ಬಂದಾಗ ನಮ್ಮ ಜಗಲಿಯ ಮೇಲೆ ಛತ್ರಿ ಒರಗಿಸಿಕೊಂಡು ಸ್ವತಃ ಕಾರ್ಯದರ್ಶಿಗಳೇ ಕೂತಿದ್ದರು. ಮುಂದೆ ತಣಿಗೆ. ಮುದ್ದೆ, ಸಾರು, ಮಜ್ಜಿಗೆ.

“ಕೊಡೋವರೆಗೂ ಏಳಲ್ಲ” ಎಂದು ಅವರು ನನಗೆ ತಗ್ಗಿದ ದನಿಯಲ್ಲಿ ಹೇಳಿದರು. ಮುದ್ದೆ ಮುರಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಅಮ್ಮ ಎದುರಿಗೆ ಕೂತು ಅವರನ್ನೇ ನೋಡುತ್ತಿದ್ದಳು.

“ಏನಪ್ಪ, ಆವತ್ತು ಬಟ್ಟೆ ತಂದೋನು ನೀನೇ ಅಲ್ವಾ? ಬೋರ್ಡ್‌ನಾಗೆ ನಿನ್ನ ಹೆಸರು ಎಲ್ಲೈತೆ?”

“ನನ್ನ ಹೆಸರು ಇಲ್ಲಮ್ಮ ಅದರಲ್ಲಿ.”

“ಒಂದು ರೂಪಾಯಿನೂ ಕೊಟ್ಟಿಲ್ವಾ ಓದೋ ಮಕ್ಕಳಿಗೆ?”

ಕಾರ್ಯದರ್ಶಿಗಳು ನನ್ನ ಮುಖ ನೋಡಿದರು. ನಾನು ಸೂರಿನ ಕಡೆ ನೋಡಿದೆ. ಅದು ದಾನಿಗಳ ಬೋರ್ಡಲ್ಲ ಎಂದು ಆ ಕ್ಷಣದಲ್ಲಿ ಅವರು ಒಂದು ಮಾತು ಹೇಳಬಹುದಿತ್ತು. ಕೈಯಲ್ಲಿದ್ದ ಮುದ್ದೆಯನ್ನು ತಣಿಗೆಗೆ ಇಟ್ಟರು.

“ಇಲ್ಲ ತಾಯಿ. ಕೊಟ್ಟಿಲ್ಲ” ಎಂದರು.

“ಅದಕ್ಕೇ ಕಂಡೋರ ಹೆಸರು ಅಳಿಸಾಕೆ ಬಂದಿದ್ದೆ. ಪಾಪ, ನಂದಿಲ್ವಲ್ಲ ಅಂತ ಹೊಟ್ಟೆ ಉರೀತದೆ, ತಪ್ಪೇನಿಲ್ಲ.” ಅಮ್ಮ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, ತಡಕಿ, ಒಂದು ರೂಪಾಯಿ ತೆಗೆದು ಅವರ ಎಡಗೈಯಲ್ಲಿ ಇಟ್ಟು ಮುಷ್ಟಿ ಮುಚ್ಚಿದಳು. “ತಗೋ. ನಿನ್ನ ಹೆಸರ್ನಾಗೇ ಕೊಡು. ನನ್ನ ಮಗನ ಸಾಲಿನ ಕೆಳ್ಗಡೆ ಜಾಗ ಇದ್ರೆ ಬರೆಸ್ಕೋ.”

ಇಷ್ಟು ದಿನ ಕೇಳಿದ ರೂಪಾಯಿ ಅವರ ಕೈಯಲ್ಲಿತ್ತು. ನನ್ನ ತಮ್ಮನ ಲೆಕ್ಕಕ್ಕೆ ಅದನ್ನು ಹಾಕುವಂತಿಲ್ಲ. ಕೊಟ್ಟವಳು ಸ್ಪಷ್ಟವಾಗಿ ಹೇಳಿದ್ದಳು. ಅವರು ಊಟ ಮುಗಿಸಿ, ಕೈ ತೊಳೆದು, ಅಮ್ಮನಿಗೆ ನಮಸ್ಕಾರ ಮಾಡಿ, ಛತ್ರಿ ಬಿಚ್ಚಿಕೊಂಡು ಹೋದರು.

ಮುಂದಿನ ಸೋಮವಾರ ಅಮ್ಮ ಬಸ್ ಸ್ಟ್ಯಾಂಡಿಗೆ ಹೋಗಿ, ಹೂವು ಇಟ್ಟು, ಹೊಸ ಹೆಸರು ಬಂದಿದೆಯೇ ಎಂದು ಕಂಡಕ್ಟರೊಬ್ಬನಿಂದ ಓದಿಸಿದಳು. ಬಂದಿರಲಿಲ್ಲ. ಸೀದಾ ಆಫೀಸಿನ ಬಾಗಿಲಿಗೆ ಹೋಗಿ, ಬಸ್ಸಿಗೆ ಕಾದಿದ್ದವರೆಲ್ಲ ಕೇಳುವ ಹಾಗೆ, “ಏನಪ್ಪ, ನಾನು ಕೊಟ್ಟ ರೂಪಾಯಿ ಏನು ಮಾಡ್ಕೊಂಡೆ?” ಎಂದಳಂತೆ.

ಮರುದಿನ ನಾನು ಶಾಲೆಗೆ ಹೋಗುತ್ತಾ ನೋಡಿದೆ. ಮೂರನೆಯ ಸಾಲಿನಲ್ಲಿ ನನ್ನ ತಮ್ಮ, ಎಂಟುನೂರು ರೂಪಾಯಿ. ಅವನ ಕೆಳಗಿನ ಸಂದಿಯಲ್ಲಿ, ಇನ್ನೂ ಒಣಗದ ಬಣ್ಣದಲ್ಲಿ ಕಾರ್ಯದರ್ಶಿಗಳ ಹೆಸರು, ಮಧುಗಿರಿ, ಒಂದು ರೂಪಾಯಿ. ಪೇಂಟರ್ ಕುಂಚ ತೊಳೆಯುತ್ತಿದ್ದ. ಬರೆಯಲು ಎಷ್ಟು ತೆಗೆದುಕೊಂಡೆ ಎಂದು ಕೇಳಿದೆ.

“ಎರಡು ರೂಪಾಯಿ ಟೀಚರಮ್ಮ” ಎಂದ. “ಒಂದು ಕೊಟ್ಟವ್ರೆ, ಒಂದು ಬಾಕಿ.”